ಎಡಗೈಯದು ನನಗೆ, ಬಲಗೈಯದು ಆಂಟಿಗೆ

ಪುಟ್ಟೇನಹಳ್ಳಿಯ ಆ ಮನೆಯ ಮೊದಲ ಮಹಡಿಗೆ ನಾವು ಬಾಡಿಗೆಗೆ ಬಂದು ಕೆಲವು ವರ್ಷಗಳಾಗಿದ್ದವು. ಕೆಳಗೆ ಓನರ್ ಆಂಟಿ, ಅವರ ಮಗಳು, ಅಳಿಯ. ಆಂಟಿಗೂ ನನಗೂ ನಡೆಯುತ್ತಿದ್ದ ಮಾತೆಲ್ಲ ನೀರಿನ ಮೋಟರಿನದು. "ಆಫ್ ಮಾಡಿದ್ರಾ?" ಎಂದು ಅವರು ಕೆಳಗಿನಿಂದ ಕೇಳುವುದು, "ಮಾಡೇನ್ರಿ ಆಂಟಿ" ಎಂದು ನಾನು ಮೇಲಿನಿಂದ ಹೇಳುವುದು. ನಾನು ಗದಗ ಕಡೆಯವಳು. ಆಫ್ ಮಾಡಿದ್ದೇನೆ ಎಂದು ನಾನು ಹೇಳಿದರೆ, ಮುಂದೆ ಎಂದೋ ಮಾಡಿಯೇನು ಎಂದಂತೆ ಅವರಿಗೆ ಕೇಳಿಸುತ್ತಿತ್ತು. ಹಾಗಾಗಿ ಇನ್ನೊಂದು ಸಲ ಕೇಳುತ್ತಿದ್ದರು.

ನನ್ನ ಕಾಲು ಮುರಿಯದಿದ್ದರೆ ನಮ್ಮ ಪರಿಚಯ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಸಿದ್ದಾಪುರದ ನರ್ಸರಿಯಲ್ಲಿ ಒಂದು ಮಲ್ಲಿಗೆ ಗಿಡ ಕೊಂಡು, ಕುಂಡವನ್ನು ಮಗುವಿನಂತೆ ಅವುಚಿಕೊಂಡು ಆಟೋದಲ್ಲಿ ಬಂದೆ. ಇಳಿಯುವಾಗ ಎಲೆಗಳ ಮರೆಯಲ್ಲಿ ನೆಲ ಕಾಣಲಿಲ್ಲ. ಚರಂಡಿಯ ಅಂಚಿನಲ್ಲಿ ಬಲಗಾಲು ಹೊರಳಿತು. ಗಿಡಕ್ಕೆ ಏನೂ ಆಗಲಿಲ್ಲ. ನನ್ನ ಕಣಕಾಲಿಗೆ ಆಪರೇಷನ್ ಆಗಿ ಪ್ಲೇಟು ಕೂತಿತು.

ಬ್ಯಾಂಡೇಜು ಬಿಚ್ಚಿ, ಇನ್ನು ಕಾಲೂರಬಹುದು ಎಂದು ಡಾಕ್ಟರು ಹೇಳಿದ ಮೇಲೆ ಮನೆಯವರು ಮೆಡಿಕಲ್ ಶಾಪಿನಿಂದ ಒಂದು ಸ್ಟೀಲಿನ ಕೋಲು ತಂದುಕೊಟ್ಟರು. ಕೊಡೆಯ ಹಿಡಿಯಂತೆ ಬಾಗಿದ ನುಣುಪಾದ ಹಿಡಿ. ಅದನ್ನು ಊರಿಕೊಂಡು ಅಡುಗೆಮನೆಗೂ ಕಂಪ್ಯೂಟರಿನ ಮೇಜಿಗೂ ಓಡಾಡತೊಡಗಿದೆ. ಕೆಲವೇ ದಿನಗಳಲ್ಲಿ ಕಾಲಿಗಿಂತ ಕೈಯೇ ಹೆಚ್ಚು ನೋಯತೊಡಗಿತು. ಅಂಗೈ ಮಧ್ಯೆ ಕೆಂಪು ಗೆರೆ ಬಿದ್ದಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಒಂದು ಭುಜ ಕಿವಿಯ ಹತ್ತಿರ, ಇನ್ನೊಂದು ಕೆಳಗೆ.

ಆ ಹೊತ್ತಿಗೆ ಕೆಳಗಿನ ಮನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ಬರುತ್ತಿದ್ದಳು. ನನಗಿಂತ ಕೆಲವು ತಿಂಗಳು ಮೊದಲು ಆಂಟಿ ಬಚ್ಚಲಲ್ಲಿ ಜಾರಿ ಬಿದ್ದು, ಅವರ ಎಡ ಸೊಂಟದ ಕೀಲನ್ನು ಬದಲಿಸಿದ್ದರು. ವಾಕರ್ ಬಿಡಬಹುದು ಎಂದು ಡಾಕ್ಟರು ಹೇಳಿ ಎಷ್ಟೋ ದಿನಗಳಾಗಿದ್ದರೂ ಆಂಟಿ ಬಿಟ್ಟಿರಲಿಲ್ಲ. ಅದನ್ನು ತಳ್ಳಿಕೊಂಡು ವರಾಂಡದವರೆಗೆ ಬರುತ್ತಿದ್ದರು, ಗೇಟಿನಾಚೆ ಕಾಲಿಡುತ್ತಿರಲಿಲ್ಲ. ಅವರ ಮಗಳೇ ಆ ಹುಡುಗಿಯನ್ನು ನನ್ನ ಹತ್ತಿರವೂ ಕಳಿಸಿದರು.

ಅವಳು ಒಳಗೆ ಬಂದವಳೇ ನನ್ನನ್ನು ನಡೆಯಲು ಹೇಳಿ, ಎರಡು ಹೆಜ್ಜೆಗೇ ನಿಲ್ಲಿಸಿದಳು.

"ಅಕ್ಕ, ಕೋಲು ಯಾಕೆ ಬಲಗೈಲಿ ಹಿಡ್ಕೊಂಡಿದೀರಾ?"

"ಪೆಟ್ಟು ಬಲಗಾಲಿಗೇ ಬಿದ್ದೈತಲ್ರಿ."

"ಎಡಗೈಗೆ ತಗೊಳ್ಳಿ. ನೋವಿರೋ ಕಾಲು ಮುಂದೆ ಹೋಗುವಾಗ, ಇನ್ನೊಂದು ಕಡೆ ಕೈ ಜೊತೆಗೆ ಹೋಗ್ಬೇಕು. ನಾವು ಸುಮ್ನೆ ನಡೆಯುವಾಗ್ಲೂ ಹಾಗೇ ತಾನೇ ಕೈ ಬೀಸೋದು?"

ಕೋಲು ಬದಲಿಸಿ ಹೆಜ್ಜೆ ಇಟ್ಟೆ. ಕಾಲಿನ ಮೇಲಿನ ಭಾರ ಯಾರೋ ಎತ್ತಿಕೊಂಡಷ್ಟು ಹಗುರಾಯಿತು. ನನಗೆ ನಗು ಬಂತು. ಆದರೆ ಅವಳು ನಗಲಿಲ್ಲ. ನನ್ನ ಅಂಗೈಯನ್ನು ಬಿಡಿಸಿ ಕೆಂಪು ಗೆರೆಯ ಮೇಲೆ ಬೆರಳಿಟ್ಟಳು.

"ಭಾರ ಎಲ್ಲಾ ಇಲ್ಲೊಂದೇ ಕಡೆ ಬೀಳ್ತಿದೆ. ಅದಕ್ಕೇ ಮಣಿಕಟ್ಟು ಬಾಗಿದೆ, ಭುಜ ಮೇಲಕ್ಕೆ ಹೋಗಿದೆ, ಸೊಂಟ ವಾಲಿದೆ. ಹೀಗೇ ಬಿಟ್ರೆ ಕಾಲು ವಾಸಿಯಾಗೋ ಹೊತ್ತಿಗೆ ಬೆನ್ನು ಹಿಡ್ಕೊಂಡಿರತ್ತೆ. ಅಂಗೈ ಪೂರ್ತಿ ಕೂರೋ ಹಿಡಿ ಇರೋ ಕೋಲು ತರಿಸ್ಕೊಳ್ಳಿ."

ಅವಳು ಫೋನಿನಲ್ಲಿ ತೋರಿಸಿದ್ದನ್ನೇ ಮನೆಯವರು ಆರ್ಡರ್ ಮಾಡಿದರು. ಒಂದು ಕೋಲು ಬರುತ್ತದೆ ಎಂದುಕೊಂಡಿದ್ದೆವು. ಡಬ್ಬ ಬಿಚ್ಚಿದರೆ ಬೆಟ್ಟ ಹತ್ತುವವರು ಹಿಡಿಯುವಂಥ ಜೋಡಿ ಕೋಲು. ಹಿಡಿಗಳು ಬಾಟಲಿಯ ಬಿರಡೆಗೆ ಬಳಸುವ ಕಾರ್ಕಿನವು, ಮುಟ್ಟಿದರೆ ಬೆಚ್ಚಗೆ. ಹಿಡಿ ನೆಟ್ಟಗಿರದೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಮೇಲೆ ಅಂಗೈಯ ಬುಡ ಊರಲು ಅಗಲವಾದ ಜಾಗ, ಕೆಳಗೆ ಬೆರಳುಗಳಿಗೆ ತಗ್ಗು, ಹೆಬ್ಬೆರಳಿಗೊಂದು ಬೇರೆಯೇ ತಾವು. ಒಂದರ ಮೇಲೆ ಎಡ, ಇನ್ನೊಂದರ ಮೇಲೆ ಬಲ ಎಂಬ ಗುರುತು. ಚಪ್ಪಲಿಗೆ ಎಡಬಲ ಇರುವುದು ಗೊತ್ತು, ಕೋಲಿಗೂ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಎಡಗೈಯದನ್ನು ಹಿಡಿದೆ. ನನ್ನ ಕೈಯ ಅಚ್ಚು ತೆಗೆದು ಮಾಡಿದಂತಿತ್ತು. ಮಣಿಕಟ್ಟು ನೆಟ್ಟಗೆ ನಿಂತಿತು. ಹಿಡಿಗಿದ್ದ ಪಟ್ಟಿಯೊಳಗೆ ಕೆಳಗಿನಿಂದ ಕೈ ತೂರಿಸಿದರೆ ಅದೇ ಅರ್ಧ ಭಾರ ಹೊರುತ್ತಿದ್ದುದರಿಂದ ಬಿಗಿಯಾಗಿ ಹಿಡಿಯಬೇಕಾಗಿಯೂ ಇರಲಿಲ್ಲ. ಹಾಲಿನಲ್ಲಿ ಅತ್ತಿಂದಿತ್ತ ನಡೆದೆ, ಮತ್ತೆ ನಡೆದೆ. ಊಟದ ಹೊತ್ತಾದರೂ ಕೂರಲು ಮನಸ್ಸಾಗಲಿಲ್ಲ.

ಬಲಗೈಯ ಕೋಲು ಮೂಲೆಯಲ್ಲಿ ಉಳಿಯಿತು. ಮೆಟ್ಟಿಲ ಕಂಬಿ ಹಿಡಿಯಲು ಒಂದು ಕೈ ಖಾಲಿ ಇರಬೇಕು, ಸದ್ಯಕ್ಕೆ ಒಂದೇ ಸಾಕು ಎಂದಿದ್ದಳು ಆ ಹುಡುಗಿ.

ಮರುದಿನ ಮೆಟ್ಟಿಲು ಇಳಿದು ಬಂದಾಗ ಆಂಟಿ ವರಾಂಡದಲ್ಲಿದ್ದರು. ಅವರ ಕಣ್ಣು ನನ್ನ ಮುಖಕ್ಕಿಂತ ಮೊದಲು ಕೋಲಿನ ಮೇಲೆ ಬಿತ್ತು.

"ಎಷ್ಟು ಚೆನ್ನಾಗಿದೆ ಅದು. ನೋಡಬಹುದಾ?"

ಕೊಟ್ಟೆ. ಅವರು ಬಲಗೈಯಲ್ಲಿ ಹಿಡಿದು ನೋಡಿದರು. ಹೆಬ್ಬೆರಳು ಎಲ್ಲೂ ಸರಿಯಾಗಿ ಕೂರಲಿಲ್ಲ. ಆಗ ನನ್ನ ತಲೆಯಲ್ಲಿ ದೀಪ ಹೊತ್ತಿದಂತಾಯಿತು. ಅವರದು ಎಡ ಸೊಂಟ. ಅವರಿಗೆ ಬೇಕಾದದ್ದು ಬಲಗೈಯ ಕೋಲು.

"ಆಂಟಿ, ಇದು ನಿಮ್ಮದಲ್ರಿ. ನಿಮ್ಮದು ಮ್ಯಾಲೈತಿ. ತಡೀರಿ, ತರ್ತೀನಿ."

"ಅಯ್ಯೋ, ನೀವು ಮತ್ತೆ ಮೆಟ್ಟಿಲು ಹತ್ತಬೇಡಿ" ಎಂದು ಅವರು ಹೇಳುತ್ತಿದ್ದಂತೆಯೇ ನಾನು ಹತ್ತುತ್ತಿದ್ದೆ.

ಫಿಸಿಯೋ ಹುಡುಗಿ ಬಂದು, ಮೊಣಕೈ ಮೂಲೆಮಟ್ಟಕ್ಕೆ ಬಾಗುವಷ್ಟು ಎತ್ತರಕ್ಕೆ ಕೋಲನ್ನು ಹೊಂದಿಸಿ, ತುದಿಯ ರಬ್ಬರನ್ನು ಪರೀಕ್ಷಿಸಿ, ತನ್ನ ಕಣ್ಣೆದುರೇ ನಡೆಸಿ ಒಪ್ಪಿಗೆ ಕೊಟ್ಟಳು. ವಾಕರ್ ತಳ್ಳುವಾಗ ಮುಂದಕ್ಕೆ ಬಗ್ಗುತ್ತಿದ್ದ ಆಂಟಿ, ಕೋಲು ಹಿಡಿದಾಗ ಗೋಡೆಯ ಕ್ಯಾಲೆಂಡರಿನ ಎತ್ತರಕ್ಕೆ ಬಂದರು. ಅವರು ನನಗಿಂತ ಉದ್ದವೆಂದು ನನಗೆ ಅಂದೇ ತಿಳಿದದ್ದು.

ಮೊದಲು ಗೇಟಿನವರೆಗೆ ಹೋದೆವು. ಆಮೇಲೆ ಬೀದಿಯ ತುದಿ, ಆಮೇಲೆ ಮೂಲೆಯ ದರ್ಶಿನಿ. ಅಕ್ಕಪಕ್ಕ ನಡೆಯುವಾಗ ನನ್ನ ಎಡಗೈಯ ಕೋಲು, ಅವರ ಬಲಗೈಯ ಕೋಲು ಆಚೀಚೆ ಕಾವಲು, ನಡುವೆ ನಾವಿಬ್ಬರು. ಸೊಪ್ಪಿನ ಗಾಡಿಯವನು ಕೇಳಿದ, "ಏನ್ ಆಂಟಿ, ಟ್ರೆಕ್ಕಿಂಗಾ?"

"ಹೌದಪ್ಪ, ಕಾಫಿಗೆ" ಎಂದರು ಆಂಟಿ.

ದಾರಿಯಲ್ಲಿ ಎಷ್ಟು ಮಾತಾಡಿದೆವೋ. ಅವರು ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುತ್ತಿದ್ದರಂತೆ. ನಾನು ಮಾಡುವ ಶೇಂಗಾ ಚಟ್ನಿಪುಡಿಯ ಘಮ ಕೆಳಗೆ ಬರುತ್ತಿದ್ದರೂ ಕೇಳಲು ಸಂಕೋಚವಾಗಿತ್ತಂತೆ. ಯಾವಾಗಲೋ 'ನೀವು' ಹೋಗಿ 'ನೀನು' ಬಂತು, 'ಕಣೇ' ಬಂತು. ನನಗದು ಬಹಳ ಹಿಡಿಸಿತು.

ಪುಟ್ಟೇನಹಳ್ಳಿ ಕೆರೆಯವರೆಗೆ ಹೋಗಿ ಬರುವಷ್ಟಾದ ಮೇಲೆ ಫಿಸಿಯೋ ಹುಡುಗಿ ನಮ್ಮಿಬ್ಬರನ್ನೂ ನಡೆಸಿ ನೋಡಿದಳು.

"ಒಂದೇ ಕೋಲಾದ್ರಿಂದ ಇಬ್ರೂ ಆ ಕಡೆಗೆ ಸ್ವಲ್ಪ ವಾಲ್ತಿದೀರಾ. ಬಯಲಲ್ಲಿ ನಡೆಯುವಾಗ ಇನ್ಮೇಲೆ ಎರಡೂ ಕೈಲೂ ಹಿಡೀರಿ. ಭಾರ ಊರೋದು ಬಿಟ್ಟು, ಕೋಲಿಂದ ನೆಲಾನ ಹಿಂದಕ್ಕೆ ತಳ್ಳಿ. ಎದೆ ತಾನಾಗೇ ತೆರ್ಕೊಳ್ಳತ್ತೆ."

ನಾವು ಮುಖ ಮುಖ ನೋಡಿಕೊಂಡೆವು. ಇದ್ದದ್ದು ಒಂದೇ ಜೋಡಿ.

"ತರಿಸಿದ್ದು ನೀನು, ನೀನೇ ಇಟ್ಕೋ" ಎಂದರು ಆಂಟಿ. "ನೀವು ಹಿರಿಯರು, ನಿಮಗ ಇರಲಿ" ಎಂದೆ ನಾನು. ಕೊನೆಗೆ ಕೆರೆಯ ದಂಡೆಯ ಕಲ್ಲುಬೆಂಚಿನಲ್ಲಿ ಒಬ್ಬರು ಕೂರುವುದು, ಇನ್ನೊಬ್ಬರು ಎರಡೂ ಕೋಲು ಹಿಡಿದು ಸ್ವಲ್ಪ ದೂರ ಹೋಗಿ ಬರುವುದು ಎಂದು ಒಪ್ಪಂದವಾಯಿತು.

ಮೊದಲ ಸರದಿ ನನ್ನದು. ಎರಡು ಹಿಡಿಗಳೂ ಅಂಗೈಗೆ ಕೂತು, ತಳ್ಳಿದ ಮರುಕ್ಷಣ ಬೆನ್ನು ತಾನಾಗಿ ಎದ್ದು ನಿಂತಿತು. ಇಷ್ಟು ದಿನ ನಾನು ಕೆರೆಗೆ ಬಂದೂ ನೋಡಿದ್ದು ನನ್ನ ಕಾಲಿನ ಹೆಬ್ಬೆರಳುಗಳನ್ನೇ. ಈಗ ನೀರು ಕಂಡಿತು, ಆಚೆ ದಡದ ಕೊಕ್ಕರೆಗಳು ಕಂಡವು. ಓಡಿಬಿಡಬೇಕು ಎನ್ನಿಸಿತು. ಹೇಗೋ ತಡೆದುಕೊಂಡು, ಮೈಯೆಲ್ಲ ಬೆಚ್ಚಗಾಗಿ ಹಿಂತಿರುಗಿದೆ.

ನಂತರ ಆಂಟಿ ಹೊರಟರು. "ಆ ಬೇವಿನ ಮರದವರೆಗೆ ಅಷ್ಟೆ" ಎಂದು ಹೇಳಿ ಹೋದರು. ಮರದ ಹತ್ತಿರ ಒಂದು ಕ್ಷಣ ನಿಂತರು. ಇನ್ನು ತಿರುಗುತ್ತಾರೆ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಮುಂದೆ ನಡೆದರು. ಅವರ ಹಸಿರು ಸೀರೆ ತಿರುವಿನಲ್ಲಿ ಮರೆಯಾಯಿತು.

ಕಾದೆ. ಬರಲಿಲ್ಲ. ಅವರ ಫೋನು ನನ್ನ ಪಕ್ಕದ ಚೀಲದಲ್ಲೇ ಇತ್ತು. ಎದ್ದು ಹೋಗೋಣವೆಂದರೆ ನನ್ನ ಕೈಯಲ್ಲಿ ಕೋಲಿಲ್ಲ, ಕಾಲುದಾರಿಯ ತುಂಬ ಉಬ್ಬುತಗ್ಗು. ಬೆಂಚಿನ ಅಂಚು ಹಿಡಿದು ನಿಂತೆ, ಕೂತೆ, ಮತ್ತೆ ನಿಂತೆ. ಎಲ್ಲಾದರೂ ಬಿದ್ದಿದ್ದರೆ? ಓಡುತ್ತ ಬಂದ ಒಬ್ಬರನ್ನು ತಡೆದು ಕೇಳಿದೆ, "ಸಾರ್, ಹಸಿರು ಸೀರೆ ಉಟ್ಟವರು, ಎರಡು ಕೋಲು ಹಿಡಕೊಂಡವರು, ಕಂಡ್ರೇನ್ರಿ?"

"ಆ ಅಜ್ಜೀನಾ? ಆ ಕಡೆ ಹೋಗ್ತಿದಾರೆ. ಸಖತ್ ಸ್ಪೀಡಾಗಿದಾರೆ" ಎಂದು ಆತ ಕೈ ತೋರಿಸಿದ್ದು ಕೆರೆಯ ಎದುರು ದಂಡೆಗೆ.

ನೋಡಿದೆ. ನೀರಿನಾಚೆ ಒಂದು ಹಸಿರು ಚುಕ್ಕೆ ನೇರವಾಗಿ, ಒಂದೇ ಲಯದಲ್ಲಿ ಸಾಗುತ್ತಿತ್ತು. ಎಡಗೈ ಬಲಗಾಲು, ಬಲಗೈ ಎಡಗಾಲು. ಭಯವೆಲ್ಲ ಇಳಿದು ಎದೆ ಬೇರೆಯೇ ರೀತಿಯಲ್ಲಿ ಹೊಡೆದುಕೊಳ್ಳತೊಡಗಿತು. ಆ ಚುಕ್ಕೆ ದೊಡ್ಡದಾಗುತ್ತಾ, ಸೀರೆಯಾಗುತ್ತಾ, ಆಂಟಿಯಾಗುತ್ತಾ ಬೆಂಚಿನ ಇನ್ನೊಂದು ಬದಿಯಿಂದ ಬಂದು ನನ್ನೆದುರು ನಿಂತಿತು. ಹಣೆಯಲ್ಲಿ ಬೆವರು, ಕೆನ್ನೆ ಕೆಂಪು.

"ಎಲ್ಲಿ ಹೋಗಿದ್ರಿ ಆಂಟಿ? ನನ್ನ ಜೀವ ಬಾಯಿಗೆ ಬಂದಿತ್ತು."

"ಮರದ ಹತ್ರ ತಿರುಗೋಣ ಅಂತಲೇ ಇದ್ದೆ ಕಣೇ. ಕಾಲು ಕೇಳಲಿಲ್ಲ."

ನಾನು ಅವರನ್ನು ಅಪ್ಪಿಕೊಂಡೆ. ನಾವಿಬ್ಬರೂ ಅಲ್ಲಾಡದಂತೆ ಕೋಲುಗಳು ಹಿಡಿದುಕೊಂಡವು. ಮನೆಗೆ ಹೊರಡುವಾಗ ಅವರ ಕಾಲು ನಡುಗುತ್ತಿತ್ತು, ಹಾಗಾಗಿ ಆಟೋ ಹಿಡಿದೆವು. ಫಿಸಿಯೋ ಹುಡುಗಿ ಸುದ್ದಿ ಕೇಳಿ ಚೆನ್ನಾಗಿಯೇ ಬೈದಳು. ಒಮ್ಮೆಗೇ ಅಷ್ಟು ದೂರ ಹೋಗಬಾರದು ಎಂದು ಆಂಟಿಗೆ, ಬಿಟ್ಟದ್ದಕ್ಕೆ ನನಗೆ. ಬೈದು ಮುಗಿಸಿ, "ಬೆನ್ನು ಹೇಗಿತ್ತು?" ಎಂದು ಮೆಲ್ಲಗೆ ಕೇಳಿದಳು.

"ಗರುಡಗಂಬ ಇದ್ದಂಗಿತ್ರಿ" ಎಂದೆ.

ಅದೇ ವಾರ ಆಂಟಿಯ ಮಗಳು ಇನ್ನೊಂದು ಜೋಡಿ ತರಿಸಿದರು. ಈಗ ದಿನವೂ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೆರೆ ಸುತ್ತುತ್ತೇವೆ. ನನ್ನ ಕಣಕಾಲು ಚಳಿಗೆ ಇನ್ನೂ ಬಿಗಿಯುತ್ತದೆ, ಆಂಟಿ ನಿಂತು ಕಾಯುತ್ತಾರೆ. ಮೊನ್ನೆ ಅವರ ತಲೆಗೆ ಹೊಸದೊಂದು ಹೊಕ್ಕಿದೆ. ಗೊಟ್ಟಿಗೆರೆಯಲ್ಲಿ ಅವರ ತಂಗಿಯ ಮನೆ ಇದೆ. ಬಸ್ಸಿನಲ್ಲಿ ಹೋಗಿ, ಸ್ಟಾಪಿನಿಂದ ಅಲ್ಲಿಗೆ ನಡೆದೇ ಹೋಗಿ ಅವರನ್ನು ಬೆರಗುಗೊಳಿಸಬೇಕಂತೆ. ಫಿಸಿಯೋ ಹುಡುಗಿಯ ಒಪ್ಪಿಗೆ ಸಿಕ್ಕಿದೆ. ಭಾನುವಾರ ಹೊರಡುತ್ತೇವೆ. ಚಟ್ನಿಪುಡಿಗೆ ಶೇಂಗಾ ಹುರಿದಿಟ್ಟಿದ್ದೇನೆ.