ಓತಿಕ್ಯಾತಕ್ಕೂ ಒಂದು ತೆನೆ

ಗುಬ್ಬಿಯೂ ಓತಿಕ್ಯಾತವೂ ಒಂದೇ ಬಳಗವೆಂದು ನಮಗೆ ಮೊದಲು ಹೇಳಿದವಳು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಗಂಗಕ್ಕ, ನಿಂಬರ್ಗಾದ ಹೊಲದಲ್ಲಿ ಎಳೆ ಜೋಳದ ಸೀತನಿ ಸುಟ್ಟ ದಿನ. ಅವಳು ತೀರಿಹೋಗಿ ಎಷ್ಟೋ ವರ್ಷವಾಯಿತು. ಇಂದು ಆಳಂದದಲ್ಲಿ ಅದೇ ಸುಟ್ಟ ತೆನೆಯ ವಾಸನೆ ಬಂದು, ನಿಂತಲ್ಲೇ ನಿಂತುಬಿಟ್ಟೆ.

ಅಂದು ತಮ್ಮ ಸಿದ್ದು ಬೇಲಿಯ ಓತಿಕ್ಯಾತಕ್ಕೆ ಕಲ್ಲೆತ್ತಿದ್ದ.

“ಒಗಿಬ್ಯಾಡಲೇ! ಅದು ನಿನ್ನ ಗುಬ್ಬಿ ಬಳಗ,” ಎಂದಳು ಗಂಗಕ್ಕ.

“ಹಂಗಾದ್ರ ಅದರ ರೆಕ್ಕಿ ಎಲ್ಲದ ಬೇ?”

“ರೆಕ್ಕಿ ನೋಡಿ ಬಳಗ ಹೇಳ್ತಾರೇನು? ಬಾವಲಿಗೂ ರೆಕ್ಕಿ ಅದಾವ, ಆದ್ರ ಮರಿಗೆ ಹಾಲು ಕುಡಸ್ತದ. ಅದು ನಮ್ಮ ಕಡೀದು. ಗುಬ್ಬಿಗೂ ಇದಕ್ಕೂ ಕೋಟಿಗಟ್ಟಲೆ ವರ್ಷದ ಹಿಂದ ಮುತ್ತಜ್ಜಿ ಒಬ್ಬಾಕಿನೇ.”

ಸಿದ್ದು ಕಲ್ಲು ಕೆಳಗೆ ಹಾಕಿದ.

ಮರುದಿನ ಬೆಳಿಗ್ಗೆ ಗುಬ್ಬಿಗಳಿಗೆಂದು ಪಡಸಾಲೆಯಲ್ಲಿ ಜೋಳದ ತೆನೆ ಕಟ್ಟುವಾಗ, ಅವನು ಇನ್ನೊಂದು ತೆನೆ ಬೇಡಿ, ಓತಿಕ್ಯಾತಕ್ಕೆಂದು ಬೇಲಿಗೆ ಒಯ್ದ. ಅದು ಹುಳ ತಿನ್ನುತ್ತದೆಂದು ಬಲ್ಲ ಗಂಗಕ್ಕ ನಗಲಿಲ್ಲ, ಗಂಟು ಬಿಗಿದುಕೊಟ್ಟಳು.