ಮಗ್ಗದ ಮೇಲೆಯೇ ಉಳಿದ ಕಂಬಳಿ

ಹುಣಸೆ ಬೀಜದ ಗಂಜಿ ಕುದಿಯುವ ವಾಸನೆ ಬಂದರೆ ಈಗಲೂ ನಾನು ಇದ್ದಲ್ಲೇ ನಿಂತುಬಿಡುತ್ತೇನೆ. ಬೇರೆಯವರಿಗೆ ಅದು ಮೂಗು ಮುಚ್ಚಿಕೊಳ್ಳುವಂಥ ವಾಸನೆ, ನನಗೆ ಗೌಡಗೆರೆ ಕಡೆಯ ನಮ್ಮ ಮನೆ. ಅಜ್ಜಿ ಉಣ್ಣೆ ನೂತು, ಮಗ್ಗಕ್ಕೆ ಎಳೆದ ನೂಲು ಗಟ್ಟಿಯಾಗಲೆಂದು ಆ ಗಂಜಿ ಬಳಿಯುತ್ತಿದ್ದಳು. ತಾತ ಕಂಬಳಿ ನೇಯುತ್ತಿದ್ದ. ನಮ್ಮವರಿಗೆ ಕಂಬಳಿಯೇ ಹಾಸಿಗೆ, ಕಂಬಳಿಯೇ ಹೊದಿಕೆ, ಮಳೆಗೆ ಕೊಪ್ಪೆ, ಮದುವೆಗೆ ಹಸೆ. ಮನೆಯವರಿಗೆಂದು ನೇಯ್ದದ್ದಕ್ಕೆ ಒಂದು ಕಟ್ಟಳೆಯಿತ್ತು: ಮಗ್ಗದಿಂದ ಕುಯ್ಯುವಾಗ, ಹೊದೆಯುವವನೇ ಇನ್ನೊಂದು ತುದಿ ಹಿಡಿಯಬೇಕು. ಅಲ್ಲಿಯವರೆಗೆ ಅವನು ಊರ ಗಡಿ ದಾಟಬಾರದು. ಹಿಡಿಯುವವನಿಲ್ಲದೆ ಕುಯ್ದರೆ ಅದು ಹೆಣದ ಹೊದಿಕೆ.

ನಯಾಪೈಸೆ ಬಂದ ಹೊಸತು. ತಾತ ನನ್ನ ಚಿಕ್ಕಪ್ಪ ಈರಣ್ಣನಿಗೆ ಕಂಬಳಿ ನೇಯುತ್ತಿದ್ದ. ಕುರಿ ಕಾಯುವ ಚಿಕ್ಕಪ್ಪನಿಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಾನು ಮಗ್ಗದ ಹತ್ತಿರ ಬಗ್ಗಿದರೆ, "ದೂರ ಕೂತ್ಕೊಳ್ಳೇ, ನಿನ್ ಜಡೇನೂ ಸೇರ್ಸಿ ನೇದ್ಬುಡ್ತಾನೆ ನಿಮ್ತಾತ" ಎಂದು ರೇಗಿಸುತ್ತಿದ್ದ. ಅಂದು ಬೆಳಿಗ್ಗೆ ಒಲೆಯ ಮೇಲೆ ಗಂಜಿ ಮಡಕೆ ಸೀಳುಬಿಟ್ಟು, ಗಂಜಿ ಚೆಲ್ಲಿ ಬೆಂಕಿ ಆರಿತ್ತು. ಅದೇ ಹೊತ್ತಿಗೆ ಚಿಕ್ಕಪ್ಪ ಪಾವಗಡದ ಕಡೆ ಕುರಿ ಹೊಡೆದುಕೊಂಡು ಹೊರಟು ನಿಂತಿದ್ದ.

"ಇನ್ನೊಂದು ಮೊಳ ಐತೆ ಕಣ್ಲಾ. ಕುಯ್ದ್ಮೇಲೆ ಹೋಗು" ಎಂದ ತಾತ.

"ಜತೆಯೋರೆಲ್ಲ ಹೊಂಟವ್ರೆ ಕಣಪ್ಪ. ಬಂದ್ಮೇಲೆ ಹೊದ್ಕಂತೀನಿ ಬುಡು."

ಅಜ್ಜಿ ಆರಿದ ಒಲೆಯನ್ನೇ ನೋಡುತ್ತಾ ನಿಂತಿದ್ದಳು. ಚಿಕ್ಕಪ್ಪ ಹಳೆಯ ಕಂಬಳಿಯನ್ನೇ ಹೆಗಲಿಗೆ ಎಸೆದುಕೊಂಡು ನಡೆದ.

ಕುರಿಗಳು ಬಂದವು, ಚಿಕ್ಕಪ್ಪ ಬರಲಿಲ್ಲ. ಜತೆಗೆ ಹೋದವನು ಬಾಗಿಲಲ್ಲಿ ನಿಂತು, "ಅಳ್ಳದಲ್ಲಿ ನೀರು ಒಂದೇ ಸಲಕ್ಕೆ ಬಂದ್ಬುಡ್ತು ಕಣಮ್ಮ. ಮರಿ ಎತ್ಕಳಕ್ಕೆ ಇಳಿದೋನು ಮೇಲಕ್ಕೆ ಬರ್ಲೇ ಇಲ್ಲ. ಎಷ್ಟು ಹುಡುಕಿದ್ರೂ ಇದೊಂದೇ ಸಿಕ್ಕಿದ್ದು" ಎಂದು ಒದ್ದೆ ಕಂಬಳಿಯನ್ನು ಜಗಲಿಯ ಮೇಲಿಟ್ಟ. ಅಜ್ಜಿ ಅದನ್ನು ಮುಟ್ಟಲಿಲ್ಲ. ಹೆಣ ಸಿಗದ ಮೇಲೆ ಸತ್ತ ಎನ್ನಲು ನೀನ್ಯಾರು ಎಂದು ಅವನನ್ನೇ ಬೈದಳು.

ಹೊಸ ಕಂಬಳಿ ಮಗ್ಗದ ಮೇಲೆಯೇ ಉಳಿಯಿತು. ಕೊನೆಯ ಮೊಳ ನೇಯಲು ತಾತನ ಕೈ ಏಳಲಿಲ್ಲ, ಕುಯ್ಯಲು ಅಜ್ಜಿ ಬಿಡಲಿಲ್ಲ. ಇದ್ದದ್ದೊಂದೇ ಮಗ್ಗ; ತಾತ ಕಂಡವರ ಹೊಲಕ್ಕೆ ಕೂಲಿಗೆ ಹೋಗತೊಡಗಿದ. ಅಜ್ಜಿ ಮಾತ್ರ ಪ್ರತಿ ಸೋಮವಾರ ಗಂಜಿ ಕಾಯಿಸಿ, ನೇಯದೆ ಉಳಿದ ನೂಲಿಗೆ ಬಳಿಯುತ್ತಿದ್ದಳು. "ಒಣಗಿದ್ರೆ ಕಿತ್ತೋಯ್ತದೆ. ಅವನು ಬಂದಾಗ ಏನ್ ಕುಯ್ಯಾದು?" ಎನ್ನುತ್ತಿದ್ದಳು. ಸಂಜೆಗತ್ತಲಲ್ಲಿ ಆ ಕಂಬಳಿ ಯಾರೋ ಅಂಗಾತ ಮಲಗಿದಂತೆ ಕಾಣುತ್ತಿತ್ತು. ನಾನು ಉಸಿರು ಬಿಗಿಹಿಡಿದು ಅದನ್ನು ದಾಟಿ ಓಡುತ್ತಿದ್ದೆ. ಆ ಮನೆಯಲ್ಲಿ ಆಮೇಲೆ ಯಾರೂ ಜೋರಾಗಿ ನಕ್ಕದ್ದು ನನಗೆ ನೆನಪಿಲ್ಲ.

ಹೀಗೇ ವರ್ಷಗಳು ಕಳೆದು ನಾನು ದೊಡ್ಡವಳಾಗಿದ್ದೆ. ಒಂದು ಸೋಮವಾರ ಎದ್ದಾಗ ಮನೆಯಲ್ಲಿ ಆ ವಾಸನೆ ಇರಲಿಲ್ಲ. ಏನೋ ಆಗಿದೆ ಎಂದು ಮಗ್ಗದ ಹತ್ತಿರ ಹೋಗುವ ಮೊದಲೇ ನನಗೆ ಗೊತ್ತಾಯಿತು. ಅಜ್ಜಿ ಒಣ ಕುಂಚ ಹಿಡಿದು, ಕಂಬಳಿಯ ಮೇಲೆ ತಲೆಯಿಟ್ಟು ಕೂತಿದ್ದಳು. ಮೈ ತಣ್ಣಗಾಗಿತ್ತು.

ತಾತ ಅವಳ ಕೈಯಿಂದ ಕುಂಚ ಬಿಡಿಸಿಟ್ಟ. ಆಮೇಲೆ ಕುಡುಗೋಲು ತಂದ. "ಹಿಡ್ಕಳೋನು ಬರ್ಲಿಲ್ಲ ಕಣೇ" ಎಂದು ನೂಲು ಕುಯ್ದ. ಕಂಬಳಿಯ ಇನ್ನೊಂದು ತುದಿ ನೆಲಕ್ಕೆ ಬಿತ್ತು. ಅದನ್ನೇ ಎತ್ತಿ ಅಜ್ಜಿಗೆ ಹೊದಿಸಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಮಗನ ಹೆಸರು ಹಿಡಿದು ಅತ್ತ.