ಬಸ್ಸಿನ ದುಡ್ಡು ಉಳಿಸಿ ಗಡ್ಡಿಗೆ ಹೋದದ್ದು

ನಾನು ಕೈ ಬಿಗಿ ಮನುಷ್ಯ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹರೆಯದಲ್ಲಿ ಕುಷ್ಟಗಿಯಿಂದ ಕೊಪ್ಪಳಕ್ಕೋ ಯಲಬುರ್ಗಕ್ಕೋ ಹೋಗಬೇಕಾದರೆ, ಆ ಕಡೆ ಯಾರದಾದರೂ ಎತ್ತಿನ ಗಾಡಿ ಹೊರಟಿದೆಯೇ ಎಂದು ಸಂತೆಯಲ್ಲಿ ವಿಚಾರಿಸುತ್ತಿದ್ದೆ. ಹತ್ತಿಕಾಳಿನ ಚೀಲದ ಮೇಲೆ ಕುಳಿತು ಪುಕ್ಕಟೆ ಊರು ಮುಟ್ಟಿದರೆ, ಮನೆಗೆ ಬಂದು ದೊಡ್ಡ ಪರಾಕ್ರಮ ಮಾಡಿದವನಂತೆ ವರ್ಣಿಸುತ್ತಿದ್ದೆ. ಅವ್ವ ಕೇಳಿ ನಗುತ್ತಿದ್ದಳು. ಒಂದು ಪ್ರಯಾಣದ ಸಂಗತಿಯನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ನನ್ನ ತಂಗಿಯನ್ನು ಆನೆಗೊಂದಿಯ ಆಚೆ, ತುಂಗಭದ್ರೆಯ ನಡುವಿನ ಒಂದು ಗಡ್ಡಿಗೆ ಕೊಟ್ಟಿದ್ದೆವು. ಸುತ್ತ ನೀರು, ನಡುವೆ ಹತ್ತಿಪ್ಪತ್ತು ಮನೆ, ಭತ್ತದ ಗದ್ದೆ, ಬಾಳೆ, ನಾಲ್ಕಾರು ತೆಂಗು. ಹೋಗಿಬರಲು ಹರಿಗೋಲು ಒಂದೇ ದಾರಿ. ಜೋಳದ ಸೀಮೆಯವರಾದ ನಮಗೆ ಅನ್ನವೆಂದರೆ ಹಬ್ಬದ ಊಟ. ದಿನಾ ಅನ್ನ ಉಣ್ಣುವ ಮನೆ ಸಿಕ್ಕಿತೆಂದು ಓಣಿಯವರೆಲ್ಲ ಅವಳ ದೈವವನ್ನು ಹೊಗಳಿದ್ದರು. ಅವಳು ಮಾತ್ರ ಹೋಗಿಬರುವವರ ಬಾಯಲ್ಲಿ ಖಡಕ್ ರೊಟ್ಟಿ ಕಳಿಸಿರೆಂದು ಹೇಳಿ ಕಳಿಸುತ್ತಿದ್ದಳು.

ಯುದ್ಧದ ಕಾಲದ ಒಂದು ಮುಂಗಾರು. ತಂಗಿ ಚೊಚ್ಚಲ ಬಸುರಿ, ಏಳನೆಯ ತಿಂಗಳು ನಡೆದಿತ್ತು. ಅವ್ವ ನನ್ನ ಕೈಯಲ್ಲಿ ಬಸ್ಸಿನ ದುಡ್ಡು ಇಟ್ಟು, ರೊಟ್ಟಿಯ ಗಂಟು ಕೊಟ್ಟು ಹೇಳಿದಳು:

"ಮಣ್ಣೆತ್ತಿನ ಅಮಾಸಿ ಮುಗಿಯೂದ್ರಾಗ ಆಕಿ ಹೊಳಿ ದಾಟಿರಬೇಕು. ಅಮಾಸಿ ಆತಂದ್ರ ಎಂಟು ಹತ್ತತೈತಿ, ಎಂಟರಾಗ ಅವರು ಕಳಸೂದಿಲ್ಲ. ಒಂಬತ್ತರಾಗ ಹೊಳಿ ತುಂಬಿರತೈತಿ. ಆ ಗಡ್ಡಿಯೊಳಗ ಒಬ್ಬ ಸೂಲಗಿತ್ತಿ ಸುದ್ದಾ ಇಲ್ಲೋ. ಬಸ್ಸಿನ್ಯಾಗ ಹೋಗು."

ಹೂಂ ಎಂದೆ. ಅಮಾವಾಸ್ಯೆ ಮಂಗಳವಾರ ಇತ್ತು. ಗಂಗಾವತಿಗೆ ಶುಕ್ರವಾರ ಹೊರಡುವ ಒಂದು ಗಾಡಿ ನನಗೆ ಗೊತ್ತಿತ್ತು. ರವಿವಾರ ಗಂಗಾವತಿ, ಸೋಮವಾರ ಗಡ್ಡಿ, ಅವತ್ತೇ ತಂಗಿಯನ್ನು ದಾಟಿಸಿಕೊಂಡು ಬರುವುದು. ಬಸುರಿಯನ್ನು ಬಸ್ಸಿನಲ್ಲೇ ಕರೆತರುವೆ, ನನ್ನೊಬ್ಬನಿಗೇಕೆ ಬಸ್ಸು ಎಂದು ಲೆಕ್ಕ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಚೀಲ ಹೇರುವುದು ತಡವಾಗಿ ಗಾಡಿ ಹೊರಟದ್ದೇ ಶನಿವಾರ. ರವಿವಾರ ಸಂಜೆ ಕನಕಗಿರಿ ಮುಟ್ಟಿದೆವು. ಮರುದಿನ ಬೆಳಿಗ್ಗೆ ನಾನು ಚೀಲದ ಮೇಲೆ ಹತ್ತಿ ಕುಳಿತರೆ ಗಾಡಿಯವ ಎತ್ತುಗಳ ಮೈ ತೊಳೆಯುತ್ತಿದ್ದ.

"ಇಳೀರಿ. ಇವತ್ತು ಸ್ವಾಮಾರ. ಬಸವಣ್ಣನ ಹೆಗಲಿಗೆ ನೊಗಾ ಇಡೂದಿಲ್ರಿ."

"ನಾಳೆ?"

"ನಾಳೆ ಮಣ್ಣೆತ್ತಿನ ಅಮಾಸಿ. ನಾಳೆ ಹೂಡಿದ್ರ ನನ್ನ ಮನ್ಯಾಗ ನನಗ ಕೂಳು ಹಾಕ್ತಾರೇನ್ರಿ?"

ಒಕ್ಕಲುತನದ ಮನೆಯಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಲಿಲ್ಲವೆಂದರೆ ಯಾರೂ ನಂಬಲಾರರು. ಗೊತ್ತಿತ್ತು. ಗಾಡಿ ಒಂದು ದಿನ ತಡವಾದಾಗಲೇ ನೆನಪಾಗಬೇಕಿತ್ತು. ಪುಕ್ಕಟೆ ಸಿಕ್ಕ ಖುಷಿಯಲ್ಲಿ ಮರೆತಿದ್ದೆ.

ಅಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಅಂದೇ ಮುಂಜಾನೆ ಬಸ್ಸು ಬಂತು. ಪೆಟ್ರೋಲ್ ಸಿಗದ ದಿನಗಳು. ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಹೊಗೆ ಉಗುಳುತ್ತ ಬಂದ ಬಸ್ಸು ಏರಿನಲ್ಲಿ ನಿಂತುಬಿಟ್ಟಿತು. ದುಡ್ಡು ಕೊಟ್ಟವರೆಲ್ಲ ಇಳಿದು ನೂಕತೊಡಗಿದರು. ನಾನು ಕಟ್ಟೆಯ ಮೇಲೆ ಕುಳಿತು ನೋಡಿ ನಕ್ಕೆ. ಅದನ್ನು ಹತ್ತಿದ್ದರೆ ಸಂಜೆಗೆ ಗಡ್ಡಿ ಮುಟ್ಟಿ, ಅಮಾವಾಸ್ಯೆಯ ದಿನವಾದರೂ ಅವಳನ್ನು ದಾಟಿಸಬಹುದಿತ್ತು. ಅರ್ಧ ದಾರಿ ಪುಕ್ಕಟೆ ಬಂದು ಉಳಿದರ್ಧಕ್ಕೆ ದುಡ್ಡು ತೆರಲು ಮನಸ್ಸು ಬರಲಿಲ್ಲ. ಒಂದು ದಿನ ಹೆಚ್ಚುಕಡಿಮೆಯಾದರೆ ಬೀಗತಿಗೆ ಸವಿಮಾತಾಡಿ ಒಪ್ಪಿಸಿದರಾಯಿತು ಎಂದುಕೊಂಡೆ. ಮರುದಿನ ಗಾಡಿಯವ ಕೆರೆಯ ಮಣ್ಣಿನಲ್ಲಿ ಎರಡು ಎತ್ತು ಮಾಡಿ ಪೂಜಿಸಿದ. ನಾನೂ ಕೈ ಮುಗಿದೆ.

ಬುಧವಾರ ಗಂಗಾವತಿಯಲ್ಲಿ ಇಳಿದು, ಆನೆಗೊಂದಿಗೆ ನಡೆದು, ಹರಿಗೋಲು ಹತ್ತುವ ಹೊತ್ತಿಗೆ ಹೊತ್ತು ಇಳಿಯುತ್ತಿತ್ತು. ನೀರು ಆಗಲೇ ಕೆಂಪಾಗಿತ್ತು. ಗಡ್ಡಿಯ ದಂಡೆಯಲ್ಲಿ ತಂಗಿ ಬಟ್ಟೆಯ ಗಂಟು ಕಟ್ಟಿಕೊಂಡು ಕುಳಿತಿದ್ದಳು. ರವಿವಾರದಿಂದ ದಿನಾ ಹೀಗೆ ಬಂದು ಕೂಡುತ್ತಿದ್ದಳಂತೆ.

ಬಾಯಿ ತೆರೆಯುವ ಮೊದಲೇ ಅವಳ ಅತ್ತೆ ಮನೆಯಿಂದ ಬಂದು ನಿಂತಳು. "ನಿನ್ನೆ ಅಮಾಸಿ ಆತು ತಮ್ಮಾ. ಎಂಟರಾಗ ಬಸುರಿ ಹೊಳಿ ದಾಟೂದಿಲ್ಲ. ಒಂಬತ್ತರಾಗ ಬಾ, ನಾನಽ ಕಳಸ್ತೀನಿ." ಕೆಟ್ಟ ಹೆಂಗಸಲ್ಲ. ಅವಳ ಹಿರಿಯರು ನಡೆಸಿದ್ದನ್ನು ಅವಳು ನಡೆಸಿದಳು. ನನ್ನ ಸವಿಮಾತು ಎಲ್ಲಿಗೂ ಸಾಲಲಿಲ್ಲ.

ತಂಗಿ ಅಳಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ನಾಲ್ಕು ದಿನದ ರೊಟ್ಟಿ ಮೆತ್ತಗಾಗಿತ್ತು.

"ಯಾಕಣ್ಣಾ, ಇಷ್ಟು ತಡಾ ಆತು?"

"ಬಸ್ಸು ಕೆಟ್ಟಿತ್ತವ್ವಾ. ಕನಕಗಿರಿಯಾಗ ಎರಡು ದಿನ ನಿಂತಿತು."

"ಅದಕ್ಕ ನೀ ಏನು ಮಾಡ್ತಿ ಬಿಡು," ಎಂದಳು.

ಊರಿಗೆ ಬಂದು ಅವ್ವನಿಗೂ ಅದನ್ನೇ ಹೇಳಿದೆ.

ಒಂಬತ್ತು ಹತ್ತಿದ ದಿನವೇ ಬಸ್ಸು ಹತ್ತಿದೆ. ಆಗಿನ್ನೂ ಅಣೆಕಟ್ಟು ಇರಲಿಲ್ಲ. ಹೊಳೆ ದಂಡೆ ಮೀರಿ ಹರಿಯುತ್ತಿತ್ತು. ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿದ್ದರು. ಹತ್ತು ಪಟ್ಟು ಕೊಡುತ್ತೇನೆಂದೆ. ಅಂಬಿಗ ನನ್ನನ್ನು ಹುಚ್ಚನೆಂಬಂತೆ ನೋಡಿದ. ಐದು ದಿನ ಒಂದು ಹಾಳು ಮಂಟಪದಲ್ಲಿ ಕುಳಿತೆ. ಅದರ ಹಿಂದಿನ ಓಣಿಯಲ್ಲೇ ಸೂಲಗಿತ್ತಿಯ ಮನೆ ಇತ್ತು. ಕೇಳಿ ಇಟ್ಟುಕೊಂಡಿದ್ದೆ. ಎದುರಿಗೆ ಗಡ್ಡಿಯ ತೆಂಗಿನ ತಲೆಗಳು ಕಾಣುತ್ತಿದ್ದವು.

ಆರನೆಯ ದಿನ ನೀರು ತುಸು ಇಳಿಯಿತು. ಮೊದಲ ಹರಿಗೋಲಿನಲ್ಲಿ ತಂಗಿಯ ಗಂಡ ಒಬ್ಬನೇ ಬಂದ. ಅವನ ಕೈಯಲ್ಲಿ ತಂಗಿಯ ಆ ಬಟ್ಟೆಯ ಗಂಟಿತ್ತು.

"ಮೂರು ದಿನ ಆತ್ರಿ. ಕೂಸೂ ಉಳೀಲಿಲ್ಲ," ಎಂದ. "ಅಣ್ಣ ಬರ್ತಾನಂತ ಆಕಿ ಈ ಗಂಟು ಬಿಚ್ಚೇ ಇರ್ಲಿಲ್ರಿ."

ಮುಂದೆ ಎಷ್ಟೋ ವರ್ಷ ಅವ್ವ ಬದುಕಿದ್ದಳು. ನಮ್ಮ ಓಣಿಯ ಮುಂದೆ ಬಸ್ಸು ಹಾದುಹೋದಾಗಲೆಲ್ಲ ಬಾಗಿಲಿಗೆ ಬಂದು, ನನ್ನ ಮಗಳನ್ನು ತಿಂದಿ, ನಿನ್ನ ಗಾಲಿ ಮುರಿಯಲಿ ಎಂದು ಮಣ್ಣು ತೂರಿ ಶಾಪ ಹಾಕುತ್ತಿದ್ದಳು. ನಾನು ಒಳಗೆ ಕುಳಿತು ಕೇಳುತ್ತಿದ್ದೆ.